ಟ್ರಾನ್ಸ್‌ಫಾರ್ಮ್: ವೇಷವೋ, ರೂಪವೋ?

ಇವತ್ತು ಒಂದೇ ಪದವನ್ನು ಧ್ಯಾನಿಸೋಣ: ಟ್ರಾನ್ಸ್‌ಫಾರ್ಮ್. ಜಿಮ್‌ಗೆ ಹೋಗೋ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಜನವರಿಯಲ್ಲೊಂದು ಫೋಟೋ, ಜೂನ್‌ನಲ್ಲೊಂದು ಫೋಟೋ, ಕೆಳಗೆ ‘ಟ್ರಾನ್ಸ್‌ಫರ್ಮೇಶನ್’ ಅಂತ. ತಪ್ಪಿಲ್ಲ, ಬೆವರು ಸುರಿಸಿದ್ದಾರೆ. ಆದರೆ ರೋಮಾಪುರದವರಿಗೆ 12:2 ಓದುವಾಗಲೂ ಅದೇ ಎರಡು ಫೋಟೋ ನೆನಪಿಗೆ ಬಂದ್ರೆ ಕಷ್ಟ.

ಇಂಗ್ಲಿಷ್ ಬೈಬಲ್ ಓದುವವರು ಗಮನಿಸಿ. 1611ರ ಕಿಂಗ್ ಜೇಮ್ಸ್ ಭಾಷಾಂತರದಲ್ಲಿ ಈ ವಚನದಲ್ಲೂ ಟ್ರಾನ್ಸ್‌ಫಾರ್ಮ್ ಇದೆ, 2 ಕೊರಿಂಥ 11:14ರಲ್ಲೂ ಇದೆ. ಆ ಎರಡನೆಯದು ಯಾರ ಬಗ್ಗೆ? ಸೈತಾನನ ಬಗ್ಗೆ! ಬೆಳಕಿನ ದೂತನ ಹಾಗೆ ಕಾಣಿಸಿಕೊಳ್ಳುವವನು. ಹಾಗಾದ್ರೆ ನಮಗೂ ಅವನಿಗೂ ಒಂದೇ ಪದವೇ? ಇಲ್ಲ. ಗ್ರೀಕಿನಲ್ಲಿ ಪೌಲನು ಎರಡು ಬೇರೆ ಪದ ಬರೆದಿದ್ದಾನೆ. ಅವನಿಗೆ ‘ಮೆಟಾಸ್ಖೆಮಾಟಿಜೊ’. ಸ್ಖೇಮಾ ಅಂದ್ರೆ ಹೊರಗಿನ ಆಕಾರ. ಅಂದ್ರೆ ಇದು ವೇಷ ಬದಲಿಸೋದು. ನಮಗೆ ‘ಮೆಟಾಮಾರ್ಫೊ’. ಇದು ಹೊಸ ಒಡಂಬಡಿಕೆಯಲ್ಲಿ ನಾಲ್ಕೇ ಸಲ ಬರುತ್ತೆ. ಯೇಸು ಬೆಟ್ಟದ ಮೇಲೆ ರೂಪಾಂತರಗೊಂಡದ್ದನ್ನು ಹೇಳುವಾಗ ಮತ್ತಾಯ, ಮಾರ್ಕರಲ್ಲಿ ಒಂದೊಂದು ಸಲ. ಉಳಿದ ಎರಡು ಸಲ, ಇಲ್ಲಿ ಮತ್ತು 2 ಕೊರಿಂಥ 3:18ರಲ್ಲಿ, ನಮ್ಮಂಥ ವಿಶ್ವಾಸಿಗಳಿಗೆ! ಬೆಟ್ಟದ ಮೇಲೆ ಯೇಸು ಹೊಸ ವೇಷ ಹಾಕಿಕೊಳ್ಳಲಿಲ್ಲ, ಪ್ರಿಯರೇ. ಒಳಗಿದ್ದ ಮಹಿಮೆ ಹೊರಗೆ ಬಂತು.

ಇನ್ನೊಂದು ವ್ಯಾಕರಣದ ಮಾತು, ಬೇಜಾರಾಗ್ಬೇಡಿ. ಕನ್ನಡದಲ್ಲಿ ‘ಮಾರ್ಪಡಿಸು’ ಬೇರೆ, ‘ಮಾರ್ಪಡು’ ಬೇರೆ ಅಲ್ವಾ? ಪೌಲನದ್ದು ಎರಡನೆಯ ಥರದ್ದು. ಮಾಡುವವನು ದೇವರು, ಒಪ್ಪಿಸಿಕೊಡುವವರು ನಾವು. ಅದೂ ವರ್ತಮಾನಕಾಲದಲ್ಲಿದೆ: ಆಗಿ ಮುಗಿದದ್ದಲ್ಲ, ಆಗ್ತಾ ಇರೋದು.

ನಾನು ರಕ್ಷಣೆ ಹೊಂದಿದ ಮೊದಲ ವರ್ಷ ಬದಲಾಯಿಸಿದ್ದು ಪ್ಲೇಲಿಸ್ಟು, ಸ್ಟೇಟಸ್ಸು, ಮಾತಾಡೋ ಶೈಲಿ. ಸಭೆಯಲ್ಲಿ ಎಲ್ಲರಿಗೂ ನಗುನಗುತ್ತಾ ‘ಪ್ರೈಸ್ ದ ಲಾರ್ಡ್’. ಮನೆಗೆ ಬಂದ್ರೆ ಊಟ ತಡವಾಯ್ತು ಅಂತ ಅಮ್ಮನ ಮೇಲೆ ರೇಗಾಟ. ಒಂದಿನ ಅಮ್ಮ ತಟ್ಟೆ ಇಡುತ್ತಾ, “ಚರ್ಚಲ್ಲಿ ಮಾತಾಡ್ತಾನಲ್ಲ, ಆ ಹುಡುಗನ್ನ ಒಂದ್ಸಲ ಮನೆಗೂ ಕರ್ಕೊಂಡ್ ಬಾರೋ” ಅಂದ್ರು. ಅನ್ನ ಗಂಟಲಲ್ಲಿ ಇಳೀಲಿಲ್ಲ. ನನ್ನಲ್ಲಿ ಬದಲಾಗಿದ್ದು ಸ್ಖೇಮಾ ಮಾತ್ರ.

ಆ ರಾತ್ರಿಯ ಪ್ರಾರ್ಥನೆ ಚಿಕ್ಕದು: “ಕರ್ತನೇ, ನನ್ನ ಕೈಲಿ ಆಗ್ತಿಲ್ಲ, ನೀನೇ ಮಾಡು.” ಮರುದಿನವೇ ಕೋಪ ಹೋಯ್ತು ಅಂತ ಸಾಕ್ಷಿ ಹೇಳಿದ್ರೆ ಸುಳ್ಳಾಗುತ್ತೆ. ಈಗಲೂ ಒಮ್ಮೊಮ್ಮೆ ಅಮ್ಮ ತಟ್ಟೆ ಇಡುವಾಗ ನನ್ನ ಮುಖ ನೋಡ್ತಾರೆ, ಇವತ್ತು ಯಾವ ಹುಡುಗ ಬಂದಿದ್ದಾನೆ ಅಂತ.