ಮದುವೆ ಮನೆಯ ಕ್ಯಾಮೆರಾ: ಹಣ ಹೋಗಬೇಕಾದದ್ದು ಎಲ್ಲಿಗೆ?

ಮದುವೆ ಛಾಯಾಗ್ರಹಣವನ್ನು ಜೀವನೋಪಾಯವಾಗಿ ಆರಿಸಿಕೊಂಡವರ ಮೊದಲ ದೊಡ್ಡ ಬಂಡವಾಳ ಕ್ಯಾಮೆರಾ. ಆ ಬಂಡವಾಳದ ಬಹುಭಾಗ ಜಾಹೀರಾತುಗಳು ಎತ್ತಿ ತೋರಿಸುವ ಮೆಗಾಪಿಕ್ಸೆಲ್ ಸಂಖ್ಯೆಯ ಬೆನ್ನು ಹತ್ತಿ ಹೋಗುವುದುಂಟು. ಒಂದು ಮೆಗಾಪಿಕ್ಸೆಲ್ ಎಂದರೆ ಚಿತ್ರದಲ್ಲಿರುವ ಹತ್ತು ಲಕ್ಷ ಬಿಂದುಗಳು. ಉತ್ತಮ ಮುದ್ರಣಕ್ಕೆ ಇಂಚಿಗೆ 300 ಬಿಂದುಗಳು ಸಾಕೆಂಬುದು ಮುದ್ರಕರ ರೂಢಿಯಾದ್ದರಿಂದ, 12 ಇಂಚು ಎತ್ತರ ಮತ್ತು 18 ಇಂಚು ಅಗಲದ ಆಲ್ಬಮ್ ಪುಟವನ್ನು ಒಂದೇ ಚಿತ್ರದಿಂದ ತುಂಬಿಸಲು ಸುಮಾರು 19.4 ಮೆಗಾಪಿಕ್ಸೆಲ್ ಬೇಕಾಗುತ್ತದೆ. 24 ಮೆಗಾಪಿಕ್ಸೆಲ್‌ನ ಕ್ಯಾಮೆರಾ ಇದನ್ನು ನಿರಾಯಾಸವಾಗಿ ಪೂರೈಸುತ್ತದೆ. ಅದಕ್ಕಿಂತ ಮೇಲಿನದು ಮೆಮೊರಿ ಕಾರ್ಡು ಮತ್ತು ಹಾರ್ಡ್ ಡಿಸ್ಕಿನ ಖರ್ಚನ್ನು ಬೆಳೆಸುತ್ತದೆಯೇ ಹೊರತು ಮದುವೆ ಮನೆಯವರು ಕೊಡುವ ಸಂಭಾವನೆಯನ್ನಲ್ಲ.

ಕಲ್ಯಾಣ ಮಂಟಪದ ನಿಜವಾದ ಸಮಸ್ಯೆ ಬೆಳಕಿನದು. ಬೆಳಕನ್ನು ಗ್ರಹಿಸುವ ಫಲಕವಾದ ಸೆನ್ಸರ್ ದೊಡ್ಡದಾದಷ್ಟೂ ಮಂದ ಬೆಳಕಿನ ಚಿತ್ರ ಸ್ವಚ್ಛವಾಗಿರುತ್ತದೆ ಎಂಬುದು ನಿಜವಾದರೂ, ಕಡಿಮೆ ಹಣದಲ್ಲಿ ಹೆಚ್ಚು ಬೆಳಕು ತಂದುಕೊಡುವುದು ಲೆನ್ಸ್. ಲೆನ್ಸಿನ ಮೇಲೆ ಬರೆದಿರುವ ಎಫ್ ಸಂಖ್ಯೆಯು ಬೆಳಕು ಒಳಬರುವ ರಂಧ್ರದ ಅಳತೆಯನ್ನು ಸೂಚಿಸುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು. ಕ್ಯಾಮೆರಾದ ಜೊತೆಯಲ್ಲೇ ಬರುವ ಸಾಮಾನ್ಯ ಜೂಮ್ ಲೆನ್ಸ್ ಪೂರ್ತಿ ಚಾಚಿದಾಗ ಎಫ್ 5.6ಕ್ಕೆ ನಿಲ್ಲುತ್ತದೆ, ಆದರೆ ಎಫ್ 1.8ರ 50 ಮಿಲಿಮೀಟರ್ ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಬಿಡುತ್ತದೆ, ಮತ್ತು ಇದು ಹಲವು ಕಂಪನಿಗಳ ಅಗ್ಗದ ಲೆನ್ಸುಗಳ ಸಾಲಿಗೆ ಸೇರಿದ್ದು. ಈ ಅಂಕಣಕಾರರ ಸ್ವಂತ ಖರೀದಿಗಳಲ್ಲೂ ಬಾಡಿಗಳ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾಗಳ, ಬೆಲೆ ಹೊಸ ಮಾದರಿ ಬಂದಾಗಲೆಲ್ಲ ಕುಸಿದಿದೆ. ಲೆನ್ಸುಗಳು ಮಾತ್ರ ಒಂದು ಬಾಡಿಯಿಂದ ಇನ್ನೊಂದಕ್ಕೆ ದಾಟಿಕೊಂಡು ಇಂದಿಗೂ ದುಡಿಯುತ್ತಿವೆ.

ಜಾಹೀರಾತಿನಲ್ಲಿ ಎದ್ದು ಕಾಣದ, ಆದರೆ ಈ ವೃತ್ತಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಗುಣ ಎರಡು ಕಾರ್ಡ್ ಸ್ಲಾಟ್. ಪ್ರತಿ ಚಿತ್ರವನ್ನೂ ಏಕಕಾಲದಲ್ಲಿ ಎರಡು ಕಾರ್ಡುಗಳ ಮೇಲೆ ಬರೆಯುವ ಈ ವ್ಯವಸ್ಥೆಯಿದ್ದರೆ ಒಂದು ಕಾರ್ಡು ಕೆಟ್ಟರೂ ಚಿತ್ರಗಳು ಉಳಿಯುತ್ತವೆ. ಅಂತರಪಟ ಸರಿದು ವಧೂವರರು ಜೀರಿಗೆ ಬೆಲ್ಲ ಹಾಕುವ ಕ್ಷಣವಾಗಲಿ, ಮಾಂಗಲ್ಯಧಾರಣೆಯಾಗಲಿ ಛಾಯಾಗ್ರಾಹಕನಿಗಾಗಿ ಮತ್ತೊಮ್ಮೆ ನಡೆಯುವುದಿಲ್ಲ. ಅವುಗಳನ್ನು ಕಳೆದುಕೊಂಡವನು ಆ ಮನೆಯ ಹಣವನ್ನಷ್ಟೇ ಅಲ್ಲ, ಊರಿನ ವಿಶ್ವಾಸವನ್ನೂ ಕಳೆದುಕೊಳ್ಳುತ್ತಾನೆ. 2018ರ ನಿಕಾನ್ ಝಡ್ 6 ಮತ್ತು ಕ್ಯಾನನ್ ಇಒಎಸ್ ಆರ್ ಎರಡರಲ್ಲೂ ಒಂದೇ ಸ್ಲಾಟ್ ಇದ್ದದ್ದು ವೃತ್ತಿಪರರ ಟೀಕೆಗೆ ಗುರಿಯಾಯಿತು. 2020ರ ಝಡ್ 6 ಎರಡನೆಯ ಆವೃತ್ತಿಯಲ್ಲೂ ಕ್ಯಾನನ್ ಆರ್ 6ರಲ್ಲೂ ಎರಡು ಸ್ಲಾಟುಗಳು ಬಂದವು. ಕಣ್ಣನ್ನು ಗುರುತಿಸಿ ಬೆನ್ನಟ್ಟುವ ಆಟೋಫೋಕಸ್ ಇದರ ನಂತರದ ಸ್ಥಾನದ್ದು. ಕಂಪನಿಗಳು ಹೊಗಳುವ ಉಳಿದ ಅಲಂಕಾರಗಳಿಗೆ ಮೊದಲ ವರ್ಷದಲ್ಲಿ ಹಣ ಕೊಡುವ ಅಗತ್ಯವಿಲ್ಲ.

ಹೀಗೆ ನೋಡಿದಾಗ ಹಳೆಯ ಕ್ಯಾಮೆರಾ ಕೊಳ್ಳುವುದರಲ್ಲಿ ಸಂಕೋಚಪಡುವ ಕಾರಣವಿಲ್ಲ. 2014ರ ನಿಕಾನ್ ಡಿ 750ರಲ್ಲಿ 36×24 ಮಿಲಿಮೀಟರ್‌ನ ಫುಲ್ ಫ್ರೇಮ್ ಸೆನ್ಸರ್, 24 ಮೆಗಾಪಿಕ್ಸೆಲ್, ಎರಡು ಕಾರ್ಡ್ ಸ್ಲಾಟ್ ಎಲ್ಲವೂ ಇವೆ. ಅಲ್ಲಿ ಪರೀಕ್ಷಿಸಬೇಕಾದದ್ದು ಶಟರ್ ಎಷ್ಟು ಬಾರಿ ತೆರೆದು ಮುಚ್ಚಿದೆ ಎಂಬುದನ್ನು. ಆ ಮಾದರಿಯ ಶಟರನ್ನು ಕಂಪನಿ 1.5 ಲಕ್ಷ ಬಾರಿಗೆ ಪರೀಕ್ಷಿಸಿದೆ. ಒಂದು ಮದುವೆಗೆ 2 ಸಾವಿರ ಚಿತ್ರಗಳೆಂದರೂ ಅದು 75 ಮದುವೆಗಳ ಆಯುಷ್ಯ. ಆದ್ದರಿಂದ ಅರ್ಧ ಆಯುಷ್ಯ ಸವೆದ ಬಾಡಿಯ ಬೆಲೆಯನ್ನು ಉಳಿದ ಮದುವೆಗಳ ಮೇಲೆ ಹಂಚಿ ನೋಡುವುದೇ ಸರಿಯಾದ ಲೆಕ್ಕ.

ಹೊಸದನ್ನು ಕೊಳ್ಳುವವರು ತೆರಿಗೆಯನ್ನೂ ಗಮನಿಸಬೇಕು. 2019ರ ಜನವರಿ 1ರಂದು ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಜಿಎಸ್‌ಟಿ ನೋಂದಣಿಯಿರುವ ಛಾಯಾಗ್ರಾಹಕರು ಖರೀದಿಯಲ್ಲಿ ಕೊಟ್ಟ ಈ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಿಂದ ಕಳೆಯಬಹುದು. ಬಿಲ್ಲಿಲ್ಲದೆ ಅಗ್ಗವಾಗಿ ಕೊಂಡರೆ ಈ ಸೌಲಭ್ಯವೂ ಇಲ್ಲ, ವಾರಂಟಿಯೂ ಇಲ್ಲ. ಅಂಗಡಿಯಿಂದ ಹೊರಡುವ ಮುನ್ನ ಬಾಡಿ ಮತ್ತು ಲೆನ್ಸುಗಳ ಸೀರಿಯಲ್ ಸಂಖ್ಯೆಗಳು ಬಿಲ್ಲಿನಲ್ಲಿ ನಮೂದಾಗಿವೆಯೇ ಎಂದು ಓದುಗರು ತಪ್ಪದೆ ನೋಡಿಕೊಳ್ಳಬೇಕು.