ವೈರಾಯ್ಡ್: ಕವಚವಿಲ್ಲದ ಆರ್‌ಎನ್‌ಎ

ವೈರಸ್‌ನ ಆನುವಂಶಿಕ ವಸ್ತು ಡಿಎನ್‌ಎ ಅಥವಾ ಆರ್‌ಎನ್‌ಎ. ಅದರ ಸುತ್ತ ಕ್ಯಾಪ್ಸಿಡ್ ಎಂಬ ಪ್ರೋಟೀನ್ ಕವಚ. ವೈರಾಯ್ಡ್‌ಗೆ ಕವಚವೇ ಇಲ್ಲ. ಅದು ಬರಿಯ ಆರ್‌ಎನ್‌ಎ: ಒಂದೇ ಎಳೆ, ತುದಿಗಳು ಕೂಡಿಕೊಂಡ ಉಂಗುರ. 1971ರಲ್ಲಿ ವಿಜ್ಞಾನಿ ಟಿ.ಒ. ಡೀನರ್ ಇದನ್ನು ಗುರುತಿಸಿದ್ದು ಆಲೂಗಡ್ಡೆಯನ್ನು ಕದಿರಿನಂತೆ ನೀಳವಾಗಿಸುವ ರೋಗದಲ್ಲಿ. ಆ ವೈರಾಯ್ಡ್‌ನ ಉದ್ದ ಕೇವಲ 359 ನ್ಯೂಕ್ಲಿಯೋಟೈಡ್. ತಂಬಾಕಿನ ಮೊಸಾಯಿಕ್ ವೈರಸ್‌ನದು ಸುಮಾರು 6,400. ಆದರೆ ನಿಜವಾದ ಬೆರಗು ಗಾತ್ರದಲ್ಲಿಲ್ಲ. ವೈರಾಯ್ಡ್ ಒಂದೇ ಒಂದು ಪ್ರೋಟೀನಿಗೂ ಸಂಕೇತ ಹೊತ್ತಿರುವುದಿಲ್ಲ! ನಕಲಾಗಲು ಬೇಕಾದ ಪಾಲಿಮರೇಸ್ ಕಿಣ್ವ ಆತಿಥೇಯ ಸಸ್ಯಕೋಶದ್ದೇ. ವೈರಸ್‌ಗಳು ಮನುಷ್ಯರಿಂದ ಬ್ಯಾಕ್ಟೀರಿಯಾದವರೆಗೆ ಎಲ್ಲವನ್ನೂ ಬಾಧಿಸುತ್ತವೆ. ವೈರಾಯ್ಡ್ ರೋಗಗಳು ತಿಳಿದಿರುವುದು ಸಸ್ಯಗಳಲ್ಲಿ ಮಾತ್ರ.

ಪರೀಕ್ಷೆಯಲ್ಲಿ ವೈರಾಯ್ಡ್ ಕುರಿತ ಪ್ರಶ್ನೆಯ ಆಯ್ಕೆಗಳಲ್ಲಿ ಹೆಪಟೈಟಿಸ್ ಡಿ ವೈರಸ್ ಕಂಡರೆ ಎಚ್ಚರ: ಅದರ ಆರ್‌ಎನ್‌ಎಯೂ ಉಂಗುರವೇ, ಆದರೆ ಪ್ರೋಟೀನಿಗೆ ಸಂಕೇತವಿದೆ, ಆದ್ದರಿಂದ ಅದು ವೈರಾಯ್ಡ್ ಅಲ್ಲ.