ನಿತ್ಯಪುಷ್ಪವೂ ಅರ್ಬುದ ರೋಗವೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕೆರೆಯೇರಿ, ಗುಡಿಯ ಅಂಗಳ, ಸ್ಮಶಾನ, ಮನೆಯ ಹಿತ್ತಲುಗಳಲ್ಲಿ ಬಿಳಿಯ ಅಥವಾ ತಿಳಿಗೆಂಪಿನ ಐದೆಸಳ ಹೂ ಬಿಡುವ, ಮೊಣಕಾಲೆತ್ತರದ ಒಂದು ಗಿಡವನ್ನು ವಾಚಕರು ಕಂಡೇ ಇರುವರು. ಕನ್ನಡದಲ್ಲಿ ಇದಕ್ಕೆ ನಿತ್ಯಪುಷ್ಪ, ಕಾಶಿಕಣಗಿಲೆ ಎಂದೂ, ತೆಲುಗು ಮಾತಿನ ಮನೆಗಳಲ್ಲಿ ಬಿಳ್ಳಗನ್ನೇರು ಎಂದೂ ಹೆಸರು. ಎಲೆಯು ಬಹಳ ಕಹಿಯಾದುದರಿಂದ ದನಕರುಗಳು ಇದಕ್ಕೆ ಬಾಯಿ ಹಾಕುವುದಿಲ್ಲ. ಈ ಗಿಡದಿಂದ ಅರ್ಬುದ ರೋಗಕ್ಕೆ, ಅಂದರೆ ಕ್ಯಾನ್ಸರಿಗೆ, ಔಷಧ ದೊರೆಯುವುದೆಂಬ ಮಾತು ಹಳ್ಳಿಗಳಲ್ಲಿ ಹರಡಿರುತ್ತದೆ. ಮಾತು ಸುಳ್ಳಲ್ಲ. ಆದರೆ ಅದನ್ನು ಅರ್ಧಕ್ಕೆ ಕೇಳಿ, ಎಲೆಯನ್ನು ಕುದಿಸಿ ಕುಡಿಯತೊಡಗುವವನಿಗೆ ಸುಳ್ಳು ಮಾತಿನಿಂದಾಗುವುದಕ್ಕಿಂತ ಹೆಚ್ಚಿನ ಕೇಡು ಆಗಬಹುದು.

ನಿತ್ಯಪುಷ್ಪದ ಮೂಲಸ್ಥಾನ ಮಡಗಾಸ್ಕರ್ ದ್ವೀಪ. ಅಲ್ಲಿಂದ ಉಷ್ಣದೇಶಗಳಿಗೆಲ್ಲ ಹರಡಿದ ಮೇಲೆ ಅನೇಕ ಕಡೆ ಜನರು ಇದರ ಎಲೆಯ ಕಷಾಯವನ್ನು ಮಧುಮೇಹಕ್ಕೆ ಬಳಸುತ್ತ ಬಂದರು. 1952ರಲ್ಲಿ ಜಮೈಕಾ ದೇಶದಿಂದ ಇದರ ಎಲೆಗಳು ಕೆನಡಾ ದೇಶದ ವೆಸ್ಟರ್ನ್ ಒಂಟಾರಿಯೋ ವಿಶ್ವವಿದ್ಯಾನಿಲಯದಲ್ಲಿದ್ದ ರಾಬರ್ಟ್ ನೋಬಲ್ ಎಂಬ ವಿಜ್ಞಾನಿಗೆ ತಲಪಿದವು. ಕಷಾಯವನ್ನು ಇಲಿಗಳಿಗೆ ಬಾಯಿಯ ಮೂಲಕ ಕುಡಿಸಿದಾಗ ರಕ್ತದ ಸಕ್ಕರೆಯಲ್ಲಿ ಯಾವ ವ್ಯತ್ಯಾಸವೂ ಕಂಡುಬರಲಿಲ್ಲ. ಎಲೆಯ ಸಾರವನ್ನು ಸೂಜಿಯಿಂದ ರಕ್ತಕ್ಕೆ ಸೇರಿಸಿದಾಗಲಾದರೋ ಇಲಿಗಳ ಬಿಳಿಯ ರಕ್ತಕಣಗಳು ಕುಗ್ಗಿ, ಅವು ಸೋಂಕು ತಗಲಿ ಸತ್ತವು. ಬಿಳಿಯ ಕಣಗಳು ಮಿತಿಮೀರಿ ಬೆಳೆಯುವ ರಕ್ತದ ಅರ್ಬುದಕ್ಕೆ ಇದೇ ವಿಷವು ಮದ್ದಾಗಬಾರದೇಕೆ ಎಂಬ ಯೋಚನೆ ಅಲ್ಲಿಂದ ಹುಟ್ಟಿತು. ಚಾರ್ಲ್ಸ್ ಬಿಯರ್ ಎಂಬ ರಸಾಯನಶಾಸ್ತ್ರಜ್ಞನು ನೋಬಲ್ಲನೊಡನೆ ಸೇರಿ ಈ ಸಾರದಿಂದ ವಿನ್‌ಬ್ಲಾಸ್ಟಿನ್ ಎಂಬ ಕ್ಷಾರವಸ್ತುವನ್ನು ಬೇರ್ಪಡಿಸಿದನು; 1958ರಲ್ಲಿ ಈ ಸಂಗತಿ ಪ್ರಕಟವಾಯಿತು. ಅದರ ಸೋದರವಸ್ತುವಾದ ವಿನ್‌ಕ್ರಿಸ್ಟಿನ್ ಎಂಬುದು 1963ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಅಂಗೀಕೃತವಾಯಿತು. ಮಕ್ಕಳ ರಕ್ತದ ಅರ್ಬುದಕ್ಕೆ ಇಂದಿಗೂ ಬೇರೆ ಔಷಧಗಳ ಜೊತೆಯಲ್ಲಿ ಇದನ್ನು ಕೊಡುತ್ತಾರೆ.

ಇಲಿಗಳ ಈ ವೃತ್ತಾಂತದಲ್ಲಿಯೇ ಕಷಾಯದ ಪ್ರಶ್ನೆಗೆ ಉತ್ತರವಿದೆ. ಬಾಯಿಯ ಮೂಲಕ ಹೋದ ಈ ವಸ್ತುಗಳು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಸೇರಿದರೆ ಎಷ್ಟು ಸೇರೀತೆಂದು ಹೇಳಲಾಗದು. ಪ್ರಮಾಣದ ಮಾತನ್ನು ಲೆಕ್ಕದಿಂದಲೇ ನೋಡಬಹುದು. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯಲು ಸುಮಾರು 500 ಕಿಲೋಗ್ರಾಂ ಒಣ ಎಲೆ ಬೇಕು. ಮಳೆಯಾಶ್ರಯದ ಒಂದು ಎಕರೆಯಲ್ಲಿ ಸುಮಾರು 800 ಕಿಲೋಗ್ರಾಂ ಒಣ ಎಲೆ ಬರುವುದಾದರೆ, ಅಷ್ಟೂ ಎಲೆಯಿಂದ ದೊರೆಯುವುದು ಒಂದೂವರೆ ಗ್ರಾಮಿನಷ್ಟು. ವಿನ್‌ಕ್ರಿಸ್ಟಿನ್ ಇದಕ್ಕಿಂತಲೂ ವಿರಳ. ವೈದ್ಯರು ಅದನ್ನು ಸಾಮಾನ್ಯವಾಗಿ ಒಮ್ಮೆಗೆ 2 ಮಿಲಿಗ್ರಾಂ ಮೀರದಂತೆ, ರಕ್ತವನ್ನು ಪರೀಕ್ಷಿಸುತ್ತ, ರಕ್ತನಾಳದೊಳಗೆ ಮಾತ್ರ ಕೊಡುತ್ತಾರೆ. ಪ್ರಮಾಣ ಮೀರಿದರೆ ನರಗಳು ಕೆಡುವುವು; ಕೈಕಾಲು ಜೋಮು ಹಿಡಿದು ಬಲಗುಂದುವುವು. ಗಿಡದಲ್ಲಿ ಇವಲ್ಲದೆ ನೂರಕ್ಕೂ ಮೇಲ್ಪಟ್ಟ ಇತರ ಕ್ಷಾರವಸ್ತುಗಳಿರುತ್ತವೆ. ಒಂದು ಹಿಡಿ ಸೊಪ್ಪನ್ನು ಕುದಿಸಿದವನು ಇವುಗಳಲ್ಲಿ ಯಾವುದನ್ನು ಎಷ್ಟು ಕುಡಿದನೆಂಬುದು ಅವನಿಗಾಗಲಿ ವೈದ್ಯನಿಗಾಗಲಿ ತಿಳಿಯತಕ್ಕದ್ದಲ್ಲ.

ಸಸ್ಯಗಳಿಂದ ಅರ್ಬುದಕ್ಕೆ ಮದ್ದು ದೊರೆತ ನಿದರ್ಶನ ಇದೊಂದೇ ಅಲ್ಲ. ಅಮೆರಿಕದ ಯೂ ಎಂಬ ಮರದ ತೊಗಟೆಯಿಂದ ಟ್ಯಾಕ್ಸಾಲ್ ಬಂದಿತು. ನಮ್ಮ ಪಶ್ಚಿಮ ಘಟ್ಟಗಳ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಉಂಟು. ಅದಕ್ಕಾಗಿಯೇ ಆ ಮರಗಳನ್ನು ಬೇಕಾಬಿಟ್ಟಿ ಕಡಿದು ಅವುಗಳ ಸಂತತಿಯೇ ಕ್ಷೀಣಿಸಿತು. ಹನುಮಫಲ ಅಥವಾ ಲಕ್ಷ್ಮಣಫಲವೆಂದು ಕರೆಯುವ, ಸೀತಾಫಲದ ಜಾತಿಯ ಹಣ್ಣಿನ ಸಂಗತಿ ಬೇರೆ. ಇದರ ಎಲೆಯ ಪುಡಿಯನ್ನು ಅರ್ಬುದದ ಮದ್ದೆಂದು ಹೆಚ್ಚಿನ ಬೆಲೆಗೆ ಮಾರುವುದುಂಟು. ಪ್ರಯೋಗಶಾಲೆಯ ಗಾಜಿನ ಬಟ್ಟಲಿನಲ್ಲಿ ಅರ್ಬುದಕಣಗಳನ್ನು ಕೊಂದ ಮಾತ್ರಕ್ಕೆ ರೋಗಿಯಲ್ಲಿ ಗುಣ ಕಂಡಂತಲ್ಲ. ಮೇಲಾಗಿ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು ಮತ್ತು ಎಲೆಯ ಕಷಾಯವನ್ನು ಬಹಳವಾಗಿ ಸೇವಿಸುವವರಲ್ಲಿ ನಡುಕ ಮತ್ತು ಅಂಗಗಳ ಬಿಗಿತದ ಒಂದು ನರರೋಗವು ಹೆಚ್ಚಾಗಿ ಕಂಡುಬಂದುದನ್ನು 1999ರಲ್ಲಿ ವೈದ್ಯರು ವರದಿ ಮಾಡಿರುತ್ತಾರೆ.

ಕೋಲಾರ ಸೀಮೆಯಲ್ಲಿ ಈ ವಿಚಾರವನ್ನು ಒತ್ತಿ ಹೇಳಲು ಒಂದು ಕಾರಣವುಂಟು. ಇಲ್ಲಿ ಕಾಣುವ ಅರ್ಬುದಗಳಲ್ಲಿ ಬಾಯಿಯದು ಮುಖ್ಯವಾದುದು. ಎಲೆ, ಅಡಿಕೆ, ಸುಣ್ಣಗಳೊಡನೆ ಹೊಗೆಸೊಪ್ಪನ್ನು ಅಗಿಯುವ, ರಾತ್ರಿಯೆಲ್ಲ ಅದನ್ನು ಕೆನ್ನೆಯೊಳಗೆ ಇಟ್ಟುಕೊಂಡೇ ಮಲಗುವ ರೂಢಿ, ವಿಶೇಷವಾಗಿ ಕೂಲಿಗೆ ಹೋಗುವ ಹೆಂಗಸರಲ್ಲಿ, ಇದಕ್ಕೆ ಹೇತು. ಮೊದಲು ಕೆನ್ನೆಯ ಒಳಗೆ ಬಿಳಿಯ ಅಥವಾ ಕೆಂಪು ಮಚ್ಚೆ, ಆಮೇಲೆ ನೋವಿಲ್ಲದ ಹುಣ್ಣು. ನೋವಿಲ್ಲವಾದುದರಿಂದಲೇ ಕಷಾಯ, ಲೇಪಗಳಲ್ಲಿ ಆರು ತಿಂಗಳು ಕಳೆದುಹೋಗುವುದು. ಈ ಅವಧಿಯೊಳಗೆ ರೋಗವು ಕತ್ತಿನ ಗಂಟುಗಳಿಗೆ ಇಳಿಯಬಲ್ಲದು. ಮೊದಲೇ ಬಂದಿದ್ದರೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಹೋಗಬಹುದಾಗಿದ್ದುದಕ್ಕೆ ಆಮೇಲೆ ದವಡೆಯನ್ನೇ ತೆಗೆಯಬೇಕಾಗಬಹುದು. ಆದಕಾರಣ ಮೂರು ವಾರದೊಳಗೆ ಮಾಯದ ಬಾಯಿಹುಣ್ಣನ್ನು ಯಾವ ಸೊಪ್ಪಿಗೂ ಒಪ್ಪಿಸದೆ ವೈದ್ಯರಿಗೆ ತೋರಿಸತಕ್ಕದ್ದು. ಕೋಲಾರದ ಬಳಿ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ, ಬೆಂಗಳೂರಿನಲ್ಲಿ 1973ರಿಂದ ನಡೆದುಬಂದಿರುವ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯೂ ಇರುತ್ತವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವುಂಟು.

ಹಾಗಾದರೆ ಈ ಗಿಡದಿಂದ ರೈತನಿಗೆ ಪ್ರಯೋಜನವಿಲ್ಲವೇ? ಉಂಟು, ಆದರೆ ಅದು ಬೆಳೆಯಾಗಿ. ನೀರು ನಿಲ್ಲದ ಕೆಂಪು ಮರಳುಭೂಮಿ ಇದಕ್ಕೆ ಒಗ್ಗುವುದು. ಅಂಥ ಭೂಮಿ ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಬೇಕಾದಷ್ಟಿದೆ. ಎಕರೆಗೆ ಒಂದು ಕಿಲೋಗ್ರಾಂ ಬೀಜವನ್ನು ಹತ್ತರಷ್ಟು ಮರಳಿನೊಡನೆ ಬೆರಸಿ, ಮುಂಗಾರಿನಲ್ಲಿ 45 ಸೆಂಟಿಮೀಟರ್ ಅಂತರದ ಸಾಲುಗಳಲ್ಲಿ ತೆಳ್ಳಗೆ ಬಿತ್ತಿ, ಸಸಿಗಳನ್ನು 30 ಸೆಂಟಿಮೀಟರಿಗೆ ಒಂದರಂತೆ ಉಳಿಸಬೇಕು. ಆರನೆಯ ಮತ್ತು ಒಂಬತ್ತನೆಯ ತಿಂಗಳಲ್ಲಿ ಎಲೆ ಬಿಡಿಸಿ, ವರ್ಷ ತುಂಬಿದ ಮೇಲೆ ಕಾಂಡವನ್ನು ಕೊಯ್ದು, ನೆಲವನ್ನು ಉತ್ತು ಬೇರನ್ನು ಆಯ್ದುಕೊಳ್ಳುವುದು ಪದ್ಧತಿ. ಬೇರಿಗೆ ರಕ್ತಸಂಚಾರದ ಔಷಧಗಳಿಗಾಗಿ ಬೇರೆ ಗಿರಾಕಿಗಳಿರುತ್ತಾರೆ. ಕೊಳ್ಳುವವರು ಕಾರ್ಖಾನೆಯವರೇ ಹೊರತು ಸಂತೆಯವರಲ್ಲವಾದುದರಿಂದ, ಬೆಲೆಯ ಕರಾರು ಕೈಗೆ ಬರುವವರೆಗೆ ಒಂದು ಗುಂಟೆಯನ್ನೂ ಬಿತ್ತಬಾರದು. ಎಲೆ ಬಿಡಿಸಿದವರು ಊಟಕ್ಕೆ ಮುಂಚೆ ಕೈ ತೊಳೆಯಬೇಕು. ನೆರಳಿನಲ್ಲಿ ಒಣಗಿಸಿದ ಎಲೆಯ ಚೀಲಗಳ ಮೇಲೆ ವಿಷವೆಂದು ಬರೆದು, ಅವನ್ನು ಅಡಿಗೆಮನೆಯಿಂದಲೂ ಮಕ್ಕಳಿಂದಲೂ ದೂರವಿಡತಕ್ಕದ್ದು.